ದಾಳಿಂಬೆಯ ಸೊರಗು ರೋಗವೂ ಪ್ರಯೋಗಶಾಲೆಯ ಶೋಧನೆಯೂ

ವಿಜಯಪುರದ ಜೋರಾಪುರ ಪೇಟೆಯಿಂದ ಪಶ್ಚಿಮಕ್ಕೆ ಹೊರಟರೆ ತಿಕೋಟಾ ಸಿಕ್ಕುವುದು. ನೈಋತ್ಯಕ್ಕೆ ತಿರುಗಿದರೆ ಬಬಲೇಶ್ವರ. ಈ ಎರಡು ದಿಕ್ಕುಗಳಲ್ಲಿಯೂ ದ್ರಾಕ್ಷಿ ದಾಳಿಂಬೆಗಳ ತೋಟಗಳು ಹಬ್ಬಿವೆ. ಪೇಟೆಯಲ್ಲಿ ಹಣ್ಣನ್ನು ಕೊಳ್ಳುವವರಿಗೆ ಅದರ ಬಣ್ಣವೂ ಬೆಲೆಯೂ ಚೆನ್ನಾಗಿ ತಿಳಿದಿರುತ್ತವೆ. ಆ ಹಣ್ಣನ್ನು ಹೊತ್ತ ಗಿಡವು ಯಾವ ಯಾವ ವ್ಯಾಧಿಗಳನ್ನು ದಾಟಿ ಬಂದಿತೆಂಬುದನ್ನು ವಿಚಾರಿಸುವವರು ವಿರಳ.

1990ರಲ್ಲಿ ಅಂದಿನ ಬಿಜಾಪುರ ಜಿಲ್ಲೆಯ ಎರಡು ಕಡೆಗಳಲ್ಲಿ ದಾಳಿಂಬೆಯ ಗಿಡಗಳು ಇದ್ದಕ್ಕಿದ್ದ ಹಾಗೆ ಸೊರಗಿ ಸಾಯುವುದು ಕಂಡುಬಂದಿತು. ಬಾಗಲಕೋಟೆಯ ಸೀಮೆಯೂ ಆಗ ಇದೇ ಜಿಲ್ಲೆಗೆ ಸೇರಿತ್ತು. 1993ರ ವೇಳೆಗೆ ಈ ವ್ಯಾಧಿಯು ಇಡೀ ಜಿಲ್ಲೆಯನ್ನು ವ್ಯಾಪಿಸಿತು. ಹೀಗಿದ್ದರೂ 1995ರವರೆಗೆ ಅದರ ಕಾರಣವು ನಿಶ್ಚಯವಾಗಲಿಲ್ಲ. 1996ರಲ್ಲಿ ಸೊರಗಿದ ಗಿಡಗಳ ಬೇರು, ಕಾಂಡ, ಕೊಂಬೆಗಳಿಂದ ಒಂದು ಶಿಲೀಂಧ್ರವನ್ನು ಬೇರ್ಪಡಿಸಿ ಬೆಳೆಸಲಾಯಿತು. 1999ರಲ್ಲಿ ವೈ. ಎಂ. ಸೋಮಶೇಖರ ಅವರು ಈ ಸಂಗತಿಯನ್ನು ಅಮೆರಿಕದ ಸಸ್ಯರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿ, ಭಾರತದ ದಾಳಿಂಬೆಯಲ್ಲಿ ಇದು ಹೊಸದೆಂದು ದಾಖಲೆ ಮಾಡಿದರು. ಆ ಶಿಲೀಂಧ್ರದ ಹೆಸರು ಸಿರಟೋಸಿಸ್ಟಿಸ್ ಫಿಂಬ್ರಿಯೇಟಾ.

ರೋಗವು ಕಣ್ಣಿಗೆ ಬಿದ್ದುದಕ್ಕೂ ಅದರ ಕಾರಣವು ಕೈಗೆ ಸಿಕ್ಕಿದುದಕ್ಕೂ ನಡುವೆ ಆರು ವರ್ಷಗಳು ಕಳೆದುವು. ದಾಳಿಂಬೆಯು ನೆಟ್ಟ ವರ್ಷವೇ ಫಲ ಕೊಡತಕ್ಕ ಬೆಳೆಯಲ್ಲ. ಎರಡು ಮೂರು ವರ್ಷ ನೀರು ಗೊಬ್ಬರಗಳನ್ನುಣಿಸಿ, ಸಾಲವನ್ನೂ ಮಾಡಿ, ಫಸಲು ಕೈಗೆ ಬರುವ ಹೊತ್ತಿಗೆ ಗಿಡ ಸತ್ತರೆ ಒಕ್ಕಲಿಗನ ನಷ್ಟವು ಒಂದು ಸುಗ್ಗಿಯ ನಷ್ಟವಾಗಿರುವುದಿಲ್ಲ. ಕಾರಣ ತಿಳಿಯದವನು ಅಂಗಡಿಯವರು ಹೇಳಿದ ಔಷಧವನ್ನೆಲ್ಲ ಹೊಡೆಯುವನು. ಇಂಥ ಕಾರಣವನ್ನು ಕಂಡುಹಿಡಿಯುವುದು ಪ್ರಯೋಗಶಾಲೆಯಲ್ಲಿ ಹೇಗೆ ನಡೆಯುತ್ತದೆ, ಅದೇಕೆ ತಡವಾಗುತ್ತದೆ ಎಂಬುದನ್ನು ಈ ಭಾಷಣದಲ್ಲಿ ಶ್ರೋತೃಗಳ ಮುಂದಿಡುವೆನು.

ಸೊರಗುವುದೆಂಬುದು ರೋಗದ ಹೆಸರಲ್ಲ. ಅದು ಲಕ್ಷಣದ ಹೆಸರು, ಮನುಷ್ಯರಿಗೆ ಜ್ವರವಿದ್ದಂತೆ. ಬೇರಿನಿಂದ ಎಲೆಗೆ ನೀರು ಏರುವುದು ಯಾವ ಕಾರಣದಿಂದ ತಡೆಯಲ್ಪಟ್ಟರೂ ಗಿಡವು ಸೊರಗುತ್ತದೆ. ಮಡಿಯಲ್ಲಿ ನೀರು ನಿಂತು ಬೇರು ಉಸಿರುಗಟ್ಟಿದರೂ ಸೊರಗುತ್ತದೆ. ಕಣ್ಣಿಗೆ ಕಾಣದ ಜಂತುಹುಳುಗಳು ಬೇರಿಗೆ ಹತ್ತಿದರೂ ಸೊರಗುತ್ತದೆ. ಆಗ ಬೇರುಗಳ ಮೇಲೆ ಮಣಿ ಪೋಣಿಸಿದಂತೆ ಗಂಟುಗಳು ಕಾಣುತ್ತವೆ. ಸಣ್ಣದೊಂದು ಕೊರಕ ದುಂಬಿಯು ಕಾಂಡದ ಬುಡದಲ್ಲಿ ಗುಂಡುಸೂಜಿಯಿಂದ ಚುಚ್ಚಿದಂಥ ತೂತುಗಳನ್ನು ಕೊರೆದರೂ ಅದೇ ಗತಿ. ಇವೆಲ್ಲಕ್ಕೂ ದೂರದಿಂದ ನೋಡಿದರೆ ರೂಪ ಒಂದೇ: ಎಲೆ ಹಳದಿಯಾಗುವುದು, ಜೋಲುವುದು, ಒಣಗುವುದು. ಚಿಕಿತ್ಸೆಯಾದರೋ ಒಂದೊಂದಕ್ಕೆ ಒಂದೊಂದು. ಇಷ್ಟು ಸಾಲದೆಂಬಂತೆ, ಒಂದೇ ಗಿಡದಲ್ಲಿ ಹುಳುವೂ ಗಂಟೂ ಶಿಲೀಂಧ್ರವೂ ಒಟ್ಟಿಗೆ ಇರುವುದು ಅಪರೂಪವಲ್ಲ.

ಸಿರಟೋಸಿಸ್ಟಿಸ್ ತಗಲಿದ ಗಿಡದಲ್ಲಿ ಮೊದಲು ಒಂದು ಕೊಂಬೆ ಮಾತ್ರ ಹಳದಿಗೆ ತಿರುಗುವುದುಂಟು. ಉಳಿದ ಕೊಂಬೆಗಳು ಹಸುರಾಗಿರುವುದರಿಂದ ತೋಟದವನು ಅದನ್ನು ಲಕ್ಷಿಸುವುದಿಲ್ಲ. ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಇಡೀ ಗಿಡ ಒಣಗುತ್ತದೆ. ಅಂಥ ಗಿಡದ ಬುಡವನ್ನು ಅಡ್ಡಲಾಗಿ ಕೊಯ್ದು ನೋಡಿದರೆ, ಮಾಸಲು ಬಿಳಿಯಾಗಿರಬೇಕಾದ ಕಟ್ಟಿಗೆಯಲ್ಲಿ ಬೂದು ಮಿಶ್ರವಾದ ಕಂದು ಬಣ್ಣದ ಕಲೆಗಳು ನಡುವಿನಿಂದ ಅಂಚಿನ ಕಡೆಗೆ ಚಕ್ರದ ಅರಗಳಂತೆ ಹರಡಿರುತ್ತವೆ. ನೀರು ಏರುವ ನಾಳಗಳಿರುವ ಜಾಗವೇ ಅದು. ಪರೀಕ್ಷೆಯು ಆರಂಭವಾಗುವುದು ಈ ಕಲೆಯಿಂದ.

ಶಿಲೀಂಧ್ರವೆಂದರೆ ನಮ್ಮ ಮನೆಗಳಲ್ಲಿ ಹಳಸಿದ ರೊಟ್ಟಿಯ ಮೇಲೂ ಮಳೆಗಾಲದಲ್ಲಿ ಚರ್ಮದ ಜೋಡುಗಳ ಮೇಲೂ ಕಾಣುವ ಬೂಷ್ಟಿನ ಜಾತಿಯದು. ಅದಕ್ಕೆ ಗಿಡಗಳಂತೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಶಕ್ತಿಯಿಲ್ಲ. ಇನ್ನೊಂದರ ಒಡಲಿನಿಂದ ಹೀರಬೇಕು. ದಾರಕ್ಕಿಂತ ಬಹಳ ನವುರಾದ ಎಳೆಗಳಾಗಿ ಅದು ಕಟ್ಟಿಗೆಯೊಳಗೆ ಹರಿದಾಡುತ್ತದೆ. ಈ ಎಳೆಯನ್ನು ಕಟ್ಟಿಗೆಯಲ್ಲಿಯೇ ನೋಡಿ ಇದು ಇಂಥದೆಂದು ಹೇಳುವುದು ಬಹುಮಟ್ಟಿಗೆ ಅಸಾಧ್ಯ, ಏಕೆಂದರೆ ನೂರಾರು ಜಾತಿಗಳ ಎಳೆಗಳು ಒಂದನ್ನೊಂದು ಹೋಲುತ್ತವೆ. ಅದನ್ನು ಗಿಡದಿಂದ ಹೊರಗೆಳೆದು, ಒಂಟಿಯಾಗಿ ಇರಿಸಿ, ಉಣಿಸಿ, ಬೀಜಕಣಗಳನ್ನು ಬಿಡುವವರೆಗೆ ಸಾಕಬೇಕು. ಬೀಜಕಣದ ಆಕಾರದಿಂದಲೇ ಅದರ ಕುಲವು ತಿಳಿಯುವುದು.

ಹೊರಗೆಳೆಯುವ ಕ್ರಮವು ಹೀಗೆ. ಕಲೆಯಿರುವ ಕಟ್ಟಿಗೆಯೂ ಆರೋಗ್ಯವಾದ ಕಟ್ಟಿಗೆಯೂ ಸೇರುವ ಗಡಿಯಿಂದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಚೂರುಗಳನ್ನು ಕತ್ತರಿಸುವರು. ಪೂರ್ತಿ ಸತ್ತ ಭಾಗದಿಂದ ತೆಗೆಯುವುದಿಲ್ಲ; ಅಲ್ಲಿ ರೋಗಕಾರಕವು ಮುಂದೆ ಹೊರಟುಹೋಗಿ, ಸತ್ತುದನ್ನು ತಿಂದು ಬದುಕುವ ಬಡ ಬೂಷ್ಟುಗಳು ಮನೆ ಮಾಡಿರುತ್ತವೆ. ಚೂರುಗಳನ್ನು ಸೋಡಿಯಂ ಹೈಪೊಕ್ಲೋರೈಟಿನ, ಎಂದರೆ ಬಟ್ಟೆ ಬೆಳ್ಳಗೆ ಮಾಡುವ ಬ್ಲೀಚಿನ, ನೂರಕ್ಕೆ ಒಂದು ಭಾಗದ ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ, ಕ್ರಿಮಿರಹಿತವಾದ ನೀರಿನಲ್ಲಿ ಮೂರು ಸಲ ತೊಳೆಯುವರು. ಹೊರಮೈಯ ಮೇಲಿನ ಕ್ರಿಮಿಗಳು ಸಾಯಬೇಕು, ಒಳಗಿನ ಶಿಲೀಂಧ್ರವು ಬದುಕಬೇಕು. ನಿಮಿಷಗಳ ಲೆಕ್ಕವು ಇಷ್ಟಕ್ಕಾಗಿ. ಹಿಂದೆ ಇದಕ್ಕೆ ರಸಕರ್ಪೂರವನ್ನು ಬಳಸುತ್ತಿದ್ದರು. ಅದು ಮನುಷ್ಯರಿಗೂ ಘೋರವಾದ ವಿಷವಾದುದರಿಂದ ಬಿಟ್ಟುಬಿಟ್ಟದ್ದು ಒಳ್ಳೆಯದೇ ಆಯಿತು.

ಇನ್ನು ಊಟದ ಮಾತು. ಸಾಧಾರಣವಾಗಿ ಬಡಿಸುವುದು ಆಲೂಗಡ್ಡೆಯ ಗಂಜಿ: 200 ಗ್ರಾಂ ಆಲೂಗಡ್ಡೆಯನ್ನು ಬೇಯಿಸಿ ಬಸಿದ ನೀರು, 20 ಗ್ರಾಂ ಡೆಕ್ಸ್‌ಟ್ರೋಸ್ ಸಕ್ಕರೆ, 20 ಗ್ರಾಂ ಅಗರ್, ಒಟ್ಟು ಒಂದು ಲೀಟರಿನ ಅಳತೆಗೆ. ಇದನ್ನು ಆಟೋಕ್ಲೇವ್ ಎಂಬ ಪಾತ್ರೆಯಲ್ಲಿ 121 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಸುಮಾರು 20 ನಿಮಿಷ ಕಾಯಿಸಿದರೆ ಯಾವ ಜೀವವೂ ಉಳಿಯದು. ಅಡಿಗೆಯ ಮನೆಯ ಕುಕ್ಕರಿಗೂ ಈ ಪಾತ್ರೆಗೂ ತತ್ತ್ವದಲ್ಲಿ ಭೇದವಿಲ್ಲ. ಅಗರ್ ಎಂಬುದು ಸಮುದ್ರದ ಪಾಚಿಯಿಂದ ತೆಗೆಯುವ ಪದಾರ್ಥ. ಮಿಠಾಯಿ ಮಾಡುವವರು ಚೀನಾ ಗ್ರಾಸ್ ಎನ್ನುವರು. ಇದನ್ನು ವಿಜ್ಞಾನಕ್ಕೆ ಕೊಟ್ಟವಳು ಒಬ್ಬ ಗೃಹಿಣಿ. ಜರ್ಮನಿಯಲ್ಲಿ ರಾಬರ್ಟ್ ಕಾಕ್‌ನ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯು ಜಿಲೆಟಿನ್ನಿನ ಮೇಲೆ ಕ್ರಿಮಿಗಳನ್ನು ಬೆಳೆಸಲು ಹೋಗಿ, ಬೇಸಗೆಯಲ್ಲಿ ಅದು ಕರಗಿ ನೀರಾಗುವುದನ್ನು ಕಂಡು ಬೇಸತ್ತಿದ್ದನು. ತಾನು ಹಣ್ಣಿನ ಜೆಲ್ಲಿಗೆ ಹಾಕುವ ಅಗರನ್ನು ಪರೀಕ್ಷಿಸಬಾರದೇಕೆಂದು 1881ರಲ್ಲಿ ಅವನ ಪತ್ನಿ ಫ್ಯಾನಿಯು ಸೂಚಿಸಿದಳು. ಒಮ್ಮೆ ಹೆಪ್ಪುಗಟ್ಟಿದ ಅಗರ್ ಕುದಿಯುವ ನೀರಿನ ಸಮೀಪದ ಬಿಸಿಯವರೆಗೆ ಕರಗುವುದಿಲ್ಲ. ಜರ್ಮನಿಯ ಬೇಸಗೆಯಲ್ಲಿಯೇ ನಿಲ್ಲದ ಜಿಲೆಟಿನ್ ನಮ್ಮ ವಿಜಯಪುರದ ಏಪ್ರಿಲ್ ತಿಂಗಳಿನಲ್ಲಿ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು. ಇದನ್ನು ಹೊಯ್ಯುವ, ಮುಚ್ಚಳವಿರುವ ಚಪ್ಪಟೆಯ ಗಾಜಿನ ತಟ್ಟೆಯು 1887ರಲ್ಲಿ ಪೆಟ್ರಿ ಎಂಬಾತನಿಂದ ಬಂದಿತು. ಇಂದಿಗೂ ಅವನ ಹೆಸರಿನಿಂದಲೇ ನಡೆಯುತ್ತಿದೆ.

ಕಟ್ಟಿಗೆಯ ಚೂರನ್ನು ಪೆಟ್ರಿ ತಟ್ಟೆಯಲ್ಲಿಟ್ಟು ಮೂರು ದಿನ ಕಾದರೆ ಬೂಷ್ಟು ಬೆಳೆಯುವುದು ನಿಜ. ಆದರೆ ಮೊದಲು ಎದ್ದುಬಂದುದೇ ಅಪರಾಧಿಯೆಂದು ಹೇಳಲಾಗದು. ಆಲೂಗಡ್ಡೆಯ ಗಂಜಿಯು ಧರ್ಮಛತ್ರದ ಊಟ. ಯಾರು ಬೇಕಾದರೂ ಉಣ್ಣಬಹುದು. ಫ್ಯುಸೇರಿಯಂ ಮೊದಲಾದ ವೇಗದ ಶಿಲೀಂಧ್ರಗಳು ಮುಂದೆ ನುಗ್ಗಿ ತಟ್ಟೆಯನ್ನು ತುಂಬಿಬಿಡುವುವು. ನಿಧಾನವಾಗಿ ಬೆಳೆಯುವ ಸಿರಟೋಸಿಸ್ಟಿಸ್ ಕೆಳಗೆ ಹುದುಗಿಹೋಗುವುದು. ಫ್ಯುಸೇರಿಯಂ ಎಂಬುದೂ ಸೊರಗು ರೋಗಕ್ಕೆ ಪ್ರಸಿದ್ಧವಾದ ಹೆಸರೇ ಆಗಿರುವುದರಿಂದ ಮೋಸಹೋಗುವುದು ಸುಲಭ. ನಮ್ಮ ಭಾಗದ ತೊಗರಿಯ ನೆಟೆ ರೋಗಕ್ಕೆ ಅದೇ ಕಾರಣ. ಪೂಸಾದ ಬಟ್ಲರ್ ಎಂಬ ವಿದ್ವಾಂಸನು 1910ರಲ್ಲಿ ಅದನ್ನು ವಿಸ್ತಾರವಾಗಿ ವರ್ಣಿಸಿದನು. ತೊಗರಿಯಲ್ಲಿ ಕೊಲೆಗಾರನಾದವನು ದಾಳಿಂಬೆಯ ಕಟ್ಟಿಗೆಯಲ್ಲಿಯೂ ಸಿಕ್ಕಿದರೆ ಅವನ ಮೇಲೆ ಅನುಮಾನ ಬರುವುದು ಸಹಜ.

ಇಲ್ಲಿ ಸಸ್ಯರೋಗಜ್ಞರು ಒಂದು ಉಪಾಯವನ್ನು ಮಾಡುವರು. ಗಜ್ಜರಿಯನ್ನು ತೊಳೆದು, ಸಿಪ್ಪೆ ಹೆರೆದು, ಅರ್ಧ ಸೆಂಟಿಮೀಟರು ದಪ್ಪದ ಬಿಲ್ಲೆಗಳಾಗಿ ಕೊಯ್ದು, ಎರಡು ಬಿಲ್ಲೆಗಳ ನಡುವೆ ರೋಗದ ಕಟ್ಟಿಗೆಯ ಚೂರನ್ನು ಒತ್ತಿ ಕಟ್ಟಿ, ತೇವವಿರುವ ಡಬ್ಬಿಯಲ್ಲಿ ಸುಮಾರು 25 ಡಿಗ್ರಿ ಉಷ್ಣದಲ್ಲಿ ಇಡುವರು. ಗಜ್ಜರಿಯ ಬಿಲ್ಲೆಯು ಇನ್ನೂ ಜೀವವಿರುವ ಅಂಗಾಂಶ. ಸತ್ತುದನ್ನು ಮಾತ್ರ ತಿನ್ನುವ ಬೂಷ್ಟುಗಳು ಅದರೊಳಗೆ ಸುಲಭವಾಗಿ ಇಳಿಯಲಾರವು. ಸಿರಟೋಸಿಸ್ಟಿಸ್‌ಗೆ ಅದು ಇಷ್ಟವಾದ ಭೋಜನ. 1968ರಲ್ಲಿ ಕ್ಯಾಲಿಫೋರ್ನಿಯದ ಇಬ್ಬರು ಸಂಶೋಧಕರು ಈ ಕ್ರಮವನ್ನು ಪ್ರಚಾರಕ್ಕೆ ತಂದರು. ವಾರ ಹತ್ತು ದಿನಗಳಲ್ಲಿ ಬಿಲ್ಲೆಗಳನ್ನು ಬಿಡಿಸಿ ನೋಡಿದರೆ, ಕಿತ್ತಳೆಯ ಬಣ್ಣದ ಮೇಲೆ ಸಣ್ಣ ಕರಿಯ ಕೂದಲುಗಳು ನೆಟ್ಟಗೆ ನಿಂತಂತೆ ಕಾಣುವುವು. ಒಂದೊಂದು ಕೂದಲಿನ ತುದಿಯಲ್ಲಿಯೂ ಕೆನೆಬಣ್ಣದ ಒಂದೊಂದು ಹನಿ. ಲಕ್ಷಗಟ್ಟಲೆ ಬೆಲೆಯ ಯಂತ್ರಗಳಿರುವ ಪ್ರಯೋಗಶಾಲೆಯಲ್ಲಿಯೂ ಈ ಒಂದು ಕೆಲಸಕ್ಕೆ ಸಂತೆಯ ತರಕಾರಿಯೇ ಆಗಬೇಕಾಯಿತೆಂಬುದು ನನಗೆ ಸಂತೋಷವನ್ನುಂಟುಮಾಡುವ ಸಂಗತಿ.

ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಕೂದಲು ಒಂದು ಹೂಜಿಯ ಉದ್ದವಾದ ಕೊರಳು. ಕೆಳಗೆ ದುಂಡನೆಯ ಕರಿಯ ಹೊಟ್ಟೆ, ಕೊರಳಿನ ಬಾಯಿಯಲ್ಲಿ ಸೆರಗಿನ ಕುಚ್ಚಿನಂತಹ ಎಳೆಗಳು. ಲ್ಯಾಟಿನ್ನಿನಲ್ಲಿ ಫಿಂಬ್ರಿಯೇಟಾ ಎಂದರೆ ಕುಚ್ಚುಳ್ಳದ್ದು ಎಂದರ್ಥ. ಆ ಹನಿಯಲ್ಲಿರುವುವು ಬೀಜಕಣಗಳು. ಪ್ರತಿಯೊಂದಕ್ಕೂ ಸಾಹೇಬರ ದುಂಡು ಟೋಪಿಯಂತೆ ಸುತ್ತ ಒಂದು ಅಂಚು. ಈ ಟೋಪಿಯನ್ನು ಕಂಡಮೇಲೆ ಫ್ಯುಸೇರಿಯಮ್ಮಿನೊಂದಿಗೆ ಗೊಂದಲಕ್ಕೆ ಅವಕಾಶವಿಲ್ಲ. ಅದರ ಕಣಗಳು ಬಿದಿಗೆಯ ಚಂದ್ರನಂತೆ ಬಾಗಿರುತ್ತವೆ.

ಇದು ಕೇವಲ ನಾಮಕರಣದ ಕುತೂಹಲವೆಂದು ಭಾವಿಸಬಾರದು. ಕಣದ ರೂಪವು ರೋಗ ಹರಡುವ ದಾರಿಯನ್ನು ಹೇಳುತ್ತದೆ. ಹನಿಯು ಅಂಟಾಗಿರುವುದರಿಂದ ಅದು ಗಾಳಿಯಲ್ಲಿ ತೂರಿಹೋಗಲಾರದು. ಯಾರ ಮೈಗಾದರೂ ಅಂಟಿಕೊಂಡು ಹೋಗಬೇಕು. ಈ ಶಿಲೀಂಧ್ರವು ಬೆಳೆಯುವಾಗ ಬಾಳೆಹಣ್ಣಿನಂಥ ಪರಿಮಳವನ್ನು ಬಿಡುವುದುಂಟು, ಅದು ಕೀಟಗಳನ್ನು ಕರೆಯುತ್ತದೆ. ಕಾಂಡವನ್ನು ಕೊರೆಯುವ ದುಂಬಿಗೂ ಈ ರೋಗಕ್ಕೂ ಇರುವ ಸಂಬಂಧವು ಇದರಿಂದ ಅರ್ಥವಾಗುವುದು. ಇದಲ್ಲದೆ ಅದು ಕಟ್ಟಿಗೆಯೊಳಗೆ ಇನ್ನೊಂದು ಬಗೆಯ ಕಣಗಳನ್ನು ಮಾಡುತ್ತದೆ: ಕಂದು ಬಣ್ಣದವು, ದಪ್ಪ ಗೋಡೆಯವು. ಇವು ಬೇರಿನ ಚೂರಿನೊಂದಿಗೆ ಮಣ್ಣಿನಲ್ಲಿ ಬಹುಕಾಲ ಕಾದಿರಬಲ್ಲುವು. ಸತ್ತ ಗಿಡವನ್ನು ಕಿತ್ತು ಅದೇ ಗುಂಡಿಯಲ್ಲಿ ಹೊಸ ಸಸಿ ನೆಟ್ಟವನ ಸಸಿಯು ಏಕೆ ಸಾಯುತ್ತದೆಂಬುದಕ್ಕೆ ಉತ್ತರವು ಈ ಕಂದು ಕಣದಲ್ಲಿದೆ. ಒಂದು ಸಾಲಿನಲ್ಲಿ ಗಿಡದ ನಂತರ ಗಿಡ ಸಾಯುವುದಕ್ಕೂ, ರೋಗಿಯಾದ ಗಿಡದ ಬುಡದಿಂದ ಹರಿದ ನೀರು ಮುಂದಿನ ಗಿಡಕ್ಕೆ ಹೋಗಬಾರದೆಂಬ ಬೋಧನೆಗೂ ಇದೇ ಆಧಾರ.

ಇಷ್ಟಾದರೂ ನ್ಯಾಯವಿಚಾರಣೆ ಮುಗಿಯಲಿಲ್ಲ. ಕೊಲೆಯಾದ ಸ್ಥಳದಲ್ಲಿ ಸಿಕ್ಕಿದ ಮಾತ್ರಕ್ಕೆ ಕೊಲೆಗಾರನೆಂದು ತೀರ್ಪು ಕೊಡುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾಕ್ ಮಹಾಶಯನ ಹೆಸರಿನಿಂದ ನಿಂತ ನಿಯಮವನ್ನು ಸಸ್ಯರೋಗಗಳಿಗೂ ಅನ್ವಯಿಸುವರು. ಒಂದೇ ಕಣದಿಂದ ಬೆಳೆಸಿದ ಶುದ್ಧವಾದ ಶಿಲೀಂಧ್ರವನ್ನು ಆರೋಗ್ಯವಾದ ಸಸಿಗಳ ಬುಡಕ್ಕೆ ಗಾಯ ಮಾಡಿ ಸೇರಿಸಬೇಕು. ಪಕ್ಕದಲ್ಲಿ ಅಷ್ಟೇ ಸಸಿಗಳಿಗೆ ಅಂಥದೇ ಗಾಯ ಮಾಡಿ, ಶಿಲೀಂಧ್ರವಿಲ್ಲದ ಬರಿಯ ಅಗರನ್ನು ಇಡಬೇಕು. ಮೊದಲನೆಯವು ಸೊರಗಿ ಎರಡನೆಯವು ಬದುಕಿ, ಸೊರಗಿದವುಗಳಿಂದ ಮತ್ತೆ ಅದೇ ಶಿಲೀಂಧ್ರವು ಹೊರಬಂದರೆ ಆಗ ಆರೋಪ ಸಿದ್ಧವಾಯಿತು. ದಾಳಿಂಬೆಯಂಥ ಕಟ್ಟಿಗೆಯ ಗಿಡವು ಸೊರಗಲು ವಾರಗಳು ಬೇಕು. ತಟ್ಟೆಗಳಿಗೆ ಬೇರೆ ಬೂಷ್ಟು ಹತ್ತಿದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಆರು ವರ್ಷಗಳ ವಿಳಂಬವನ್ನು ನಾನು ಸಮರ್ಥಿಸಲಾರೆನಾದರೂ, ಸಂಶೋಧಕನ ಕೈಗಡಿಯಾರವೂ ತೋಟಿಗನ ಪಂಚಾಂಗವೂ ಬೇರೆ ಬೇರೆಯಾಗಿರುವುದನ್ನು ಇದರಿಂದ ತಿಳಿಯಬಹುದು.

ನಮ್ಮ ನಾಡಿನಲ್ಲಿ ಈ ರೀತಿಯ ಶೋಧನೆಗೆ ಹಳೆಯ ಮೇಲ್ಪಂಕ್ತಿಯೊಂದುಂಟು. ಮಲೆನಾಡಿನ ಅಡಕೆಯ ತೋಟಗಳನ್ನು ಮಳೆಗಾಲದಲ್ಲಿ ಹಾಳುಮಾಡುವ ಕೊಳೆರೋಗದ ಕಾರಣವನ್ನು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಇದೇ ಕ್ರಮದಿಂದ ಹುಡುಕಿ 1910ರಲ್ಲಿ ಪ್ರಕಟಿಸಿದರು. ಅದು ಫೈಟಾಫ್ತೊರಾ ಕುಲದ್ದೆಂದೂ, ಮಳೆಯ ನೀರಿನಲ್ಲಿ ಈಜುವ ಕಣಗಳಿಂದ ಹರಡುವುದೆಂದೂ ತಿಳಿದಮೇಲೆ, ಮಳೆ ಹಿಡಿಯುವುದಕ್ಕೆ ಮೊದಲೇ ಗೊನೆಗೆ ಮೈಲುತುತ್ತ ಸುಣ್ಣಗಳ ಬೋರ್ಡೊ ಮಿಶ್ರಣವನ್ನು ಹೊಡೆಯುವ ಪದ್ಧತಿಯು ನೆಲೆಗೊಂಡಿತು. ಅದಕ್ಕೆ ಹಿಂದೆಯೂ ರೈತರು ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಕ್ರಿಮಿಯನ್ನು ಕಾಣದಿದ್ದರೂ ಮಳೆನೀರಿನ ಮೇಲೆ ಅವರಿಗಿದ್ದ ಅನುಮಾನವು ಸರಿಯಾಗಿಯೇ ಇತ್ತು.

ಔಷಧದ ಪರೀಕ್ಷೆಯೂ ಪೆಟ್ರಿ ತಟ್ಟೆಯಲ್ಲಿಯೇ ಆರಂಭವಾಗುವುದು. ಗಂಜಿಯಲ್ಲಿ ಗೊತ್ತಾದ ಪ್ರಮಾಣದ ಔಷಧವನ್ನು ಬೆರೆಸಿ, ನಡುವೆ ಶಿಲೀಂಧ್ರದ ಒಂದು ಬಿಲ್ಲೆಯನ್ನಿಟ್ಟು, ಅದು ಎಷ್ಟು ಅಗಲಕ್ಕೆ ಬೆಳೆಯಿತೆಂದು ಅಳೆಯುವರು. ಔಷಧವಿಲ್ಲದ ತಟ್ಟೆಯಲ್ಲಿ 80 ಮಿಲಿಮೀಟರು ಬೆಳೆದು, ಔಷಧವಿರುವಲ್ಲಿ 20 ಮಿಲಿಮೀಟರು ಬೆಳೆದರೆ, ತಡೆಯು ನೂರಕ್ಕೆ 75. ಇದು ಅಗ್ಗವಾದ, ಬೇಗನೆ ಮುಗಿಯುವ ಪರೀಕ್ಷೆ. ಹತ್ತು ಔಷಧಗಳಲ್ಲಿ ಏಳನ್ನು ಇಲ್ಲಿಯೇ ತಳ್ಳಿಹಾಕಬಹುದು. ಉಳಿದ ಮೂರರ ಮೇಲೆ ಭರವಸೆ ಇಡಲು ಮಾತ್ರ ಇದು ಸಾಲದು. ತಟ್ಟೆಯಲ್ಲಿ ಶಿಲೀಂಧ್ರವು ವಿಷದ ಮೇಲೆಯೇ ಕುಳಿತಿರುತ್ತದೆ. ತೋಟದಲ್ಲಾದರೆ ಅದು ಕಟ್ಟಿಗೆಯ ಕೋಟೆಯೊಳಗಿದೆ, ವಿಷವು ಮಣ್ಣಿನ ಮೂಲಕ ಬೇರಿಗೆ ಇಳಿದು ಮೇಲೇರಬೇಕು, ಮಣ್ಣೇ ಅದರ ಬಹುಭಾಗವನ್ನು ಹಿಡಿದಿಟ್ಟುಕೊಳ್ಳುವುದು. ತಟ್ಟೆಯ ಫಲಿತಾಂಶವನ್ನು ಸೀಸೆಯ ಮೇಲೆ ಅಚ್ಚುಹಾಕಿ ಮಾರುವವರ ಮಾತನ್ನು ಕೇಳುವಾಗ ಈ ಅಂತರವನ್ನು ನೆನಪಿನಲ್ಲಿಡುವುದು ಕ್ಷೇಮ.

ಎಲ್ಲ ರೋಗಕಾರಕಗಳೂ ತಟ್ಟೆಗೆ ಬರುತ್ತವೆಂದೂ ಎಣಿಸಬಾರದು. ತಿಕೋಟಾ ಭಾಗದ ದ್ರಾಕ್ಷಿಯವರು ಅಕ್ಟೋಬರದ ಚಾಟ್ನಿಯಾದ ಮೇಲೆ ಮೋಡ ಕವಿದರೆ ನಿದ್ರೆಗೆಡುವರು, ದಾವಣಿ ರೋಗದ ಭಯದಿಂದ. ಎಲೆಯ ಮೇಲ್ಭಾಗದಲ್ಲಿ ಎಣ್ಣೆಯ ಕಲೆ, ಕೆಳಭಾಗದಲ್ಲಿ ಬಿಳಿಯ ನವಿರು. ಹೂಗೊಂಚಲಿಗೆ ಹತ್ತಿದರೆ ಫಸಲು ಹೋದಂತೆಯೇ. ಬೋರ್ಡೊ ಮಿಶ್ರಣವು 1885ರಲ್ಲಿ ಫ್ರಾನ್ಸಿನಲ್ಲಿ ಪ್ರಸಿದ್ಧಿಗೆ ಬಂದುದೂ ಈ ರೋಗದ ಮೇಲೆಯೇ. ಇದರ ಕರ್ತೃವಾದ ಪ್ಲಾಸ್ಮೊಪಾರಾ ವಿಟಿಕೋಲಾ ಯಾವ ಗಂಜಿಯನ್ನೂ ಮುಟ್ಟದು, ಗಜ್ಜರಿಯನ್ನೂ ಒಲ್ಲದು. ಅದಕ್ಕೆ ಜೀವವಿರುವ ದ್ರಾಕ್ಷಿಯ ಎಲೆಯೇ ಬೇಕು. ಆದುದರಿಂದ ಎಳೆಯ ಎಲೆಗಳಿಂದ ಬಿಲ್ಲೆಗಳನ್ನು ಕತ್ತರಿಸಿ, ಅವುಗಳ ಬೆನ್ನನ್ನು ಮೇಲೆ ಮಾಡಿ ತೇವದ ಕಾಗದದ ಮೇಲಿಟ್ಟು, ರೋಗದ ಕಣಗಳ ನೀರನ್ನು ಹನಿಸಿ, ತಂಪಾದ ಸ್ಥಳದಲ್ಲಿ ಇಡುವರು. ಕೆಲವು ದಿನಗಳಲ್ಲಿ ಬಿಳಿಯ ನವಿರು ಏಳುವುದು. ಬಿಲ್ಲೆಯು ಬಾಡುವ ಮೊದಲೇ ಹೊಸ ಬಿಲ್ಲೆಗೆ ದಾಟಿಸಬೇಕು. ಹೀಗೆ ಅದನ್ನು ವರ್ಷವಿಡೀ ಜೀವದಿಂದಿರಿಸುವುದು ಕೈಗೂಸನ್ನು ಸಾಕುವಷ್ಟು ತಾಪತ್ರಯದ ಕೆಲಸ. ನಿಷ್ಕೃಷ್ಟವಾಗಿ ಹೇಳುವುದಾದರೆ ಇದು ಶಿಲೀಂಧ್ರದ ವಂಶವೂ ಅಲ್ಲ, ನೀರಿನ ಪಾಚಿಗಳ ದೂರದ ದಾಯಾದಿ. ಶಿಲೀಂಧ್ರಗಳನ್ನು ಕೊಲ್ಲುವ ಎಲ್ಲ ಔಷಧಗಳೂ ಇದಕ್ಕೆ ನಾಟದಿರುವುದು ಆ ಕಾರಣದಿಂದ.

ದಾಳಿಂಬೆಯ ಹಣ್ಣು ಸೀಳುವ ಅಂಗಮಾರಿಯದು ಇನ್ನೊಂದು ಕಥೆ. ಮರಾಠಿ ಸೀಮೆಯವರು ಅದನ್ನು ತೇಲ್ಯಾ ಎನ್ನುವರು. ಅದು ದುಂಡಾಣುವಿನ ಕೆಲಸ. ಕಲೆಯಿರುವ ಎಲೆಯ ಅಂಚನ್ನು ಕತ್ತರಿಸಿ ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಿಂದ ನೋಡಿದರೆ, ಕೊಯ್ದ ಕಡೆಯಿಂದ ಹೊಗೆಯಂತೆ ದುಂಡಾಣುಗಳು ಹೊರಹರಿಯುವುದು ಕಾಣುತ್ತದೆ. ಐದು ನಿಮಿಷದ ಪರೀಕ್ಷೆ. ಇದನ್ನು ಮಾಡಿಸದೆ ಶಿಲೀಂಧ್ರನಾಶಕಗಳಿಗೆ ಸುರಿಯುವ ಹಣವೆಲ್ಲ ವ್ಯರ್ಥ.

ಇತ್ತೀಚೆಗೆ ಜೀವಕೋಶದ ವಂಶದ್ರವ್ಯವನ್ನೇ ಓದಿ ಶಿಲೀಂಧ್ರವನ್ನು ಗುರುತಿಸುವ ಕ್ರಮವು ರೂಢಿಗೆ ಬಂದಿದೆ. ಸಿರಟೋಸಿಸ್ಟಿಸ್ ಫಿಂಬ್ರಿಯೇಟಾ ಎಂಬ ಹೆಸರು 1890ರಲ್ಲಿ ಅಮೆರಿಕದ ಗೆಣಸಿನ ಮೇಲಿನ ಒಂದು ಶಿಲೀಂಧ್ರಕ್ಕೆ ಇಟ್ಟುದು. ಈ ಒಂದೇ ಹೆಸರಿನ ಕೆಳಗೆ ಪರಸ್ಪರ ಬಹಳ ಹತ್ತಿರದ ಅನೇಕ ಬಳಗಗಳಿರುವುದು ವಂಶದ್ರವ್ಯದ ಓದಿನಿಂದ ತಿಳಿದುಬಂದಿತು. ಆದರೂ ಓದುವುದಕ್ಕೆ ಶುದ್ಧವಾದ ಶಿಲೀಂಧ್ರ ಬೇಕು. ಅದಕ್ಕೆ ಗಜ್ಜರಿಯ ಬಿಲ್ಲೆಯೂ ಪೆಟ್ರಿ ತಟ್ಟೆಯೂ ತಪ್ಪಲಿಲ್ಲ.

ಇಂದು ಈ ಪರೀಕ್ಷೆಗಳಿಗಾಗಿ ದೂರ ಹೋಗಬೇಕಾದ ಪ್ರಮೇಯವಿಲ್ಲ. ವಿಜಯಪುರದ ಹೊರವಲಯದ ಹಿಟ್ಟಿನಹಳ್ಳಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕೆಯ ವಿಶ್ವವಿದ್ಯಾಲಯವೂ, ಸೊಲ್ಲಾಪುರದಲ್ಲಿ 2005ರಲ್ಲಿ ದಾಳಿಂಬೆಗೆಂದೇ ಮೀಸಲಾದ ರಾಷ್ಟ್ರೀಯ ಸಂಶೋಧನಾ ಕೇಂದ್ರವೂ ಸ್ಥಾಪಿತವಾದುವು. ನಗರದಲ್ಲಿದ್ದು ಊರಿನಲ್ಲಿ ತೋಟವುಳ್ಳ ಶ್ರೋತೃಗಳು ಅನೇಕರಿರಬಹುದು. ಅವರು ಮಾದರಿಯನ್ನು ಒಯ್ಯುವಾಗ ಒಣಗಿದ ಎಲೆಗಳ ಕಟ್ಟನ್ನು ಒಯ್ದರೆ ಪ್ರಯೋಜನವಿಲ್ಲ. ಅರ್ಧ ಹಸುರಾಗಿ ಅರ್ಧ ಹಳದಿಯಾಗಿರುವ ಗಿಡವನ್ನು ಆರಿಸಿ, ಬುಡದ ಕಾಂಡವನ್ನು ಗೇಣುದ್ದ ಬೇರಿನ ಸಹಿತ ತೆಗೆದು, ಬೇರಿನ ಸುತ್ತಣ ಒಂದು ಬೊಗಸೆ ಮಣ್ಣನ್ನು ಬೇರೆ ಚೀಲದಲ್ಲಿ ಕಟ್ಟಬೇಕು. ಗಂಟಿನ ಜಂತುಹುಳುಗಳನ್ನು ಎಣಿಸಲು ಆ ಮಣ್ಣು ಬೇಕಾಗುವುದು. ಕಾಂಡವನ್ನು ಕಾಗದದಲ್ಲಿ ಸುತ್ತಿ ಆ ದಿನವೇ ತಲುಪಿಸುವುದು ಉತ್ತಮ. ಪ್ಲಾಸ್ಟಿಕ್ಕಿನ ಚೀಲದಲ್ಲಿ ಬಿಗಿದು ಮೋಟಾರಿನ ಬಿಸಿಲಿನಲ್ಲಿ ಎರಡು ದಿನ ಬಿಟ್ಟರೆ, ಪ್ರಯೋಗಶಾಲೆಗೆ ತಲುಪುವುದು ಕೊಳೆತ ಕಟ್ಟಿಗೆಯೂ ಅದರ ಮೇಲಿನ ದಾರಿಹೋಕ ಬೂಷ್ಟುಗಳೂ ಮಾತ್ರ. ಗಿಡದ ವಯಸ್ಸು, ನೀರು ಕೊಡುವ ಕ್ರಮ, ಎಷ್ಟು ಗಿಡಗಳು ಯಾವ ಸಾಲಿನಲ್ಲಿ ಸತ್ತುವು, ಸಸಿಗಳನ್ನು ಯಾವ ತೋಟದ ಗೂಟಿಯಿಂದ ತಂದುದು ಎಂಬಿವನ್ನು ಒಂದು ಚೀಟಿಯಲ್ಲಿ ಬರೆದಿರಬೇಕು. ಕೊನೆಯ ಪ್ರಶ್ನೆಯನ್ನು ಪರೀಕ್ಷಕರು ತಪ್ಪದೆ ಕೇಳುವರು. ರೋಗವು ಹೊಸ ಊರಿಗೆ ಹೋಗುವುದು ಬಹಳ ಸಲ ಸಸಿಯ ಬೇರಿನಲ್ಲಿಯೇ, ಬೆಲೆ ಕೊಟ್ಟು ಕೊಂಡವನ ಗಾಡಿಯಲ್ಲಿ ಕುಳಿತು.